ನೂರಾ ಹದಿನಾಲ್ಕನೆಯ ಹೆಸರು

ಕಣಬೂರ, ವಿಜಯಪುರ ಜಿಲ್ಲೆ
24 ಜುಲೈ 2024

ತಂಗಿ ಅನೂಗೆ,

ಚನ್ನವ್ವಕ್ಕ ಬರಿಯೂದು. ಮೊದಲನೇ ಸಾಲಿನ್ಯಾಗ ಎಲ್ಲಾರೂ ಆರಾಮ ಅಂತ ಬರೀಬೇಕು ಅಂತ ನನಗ ಅಕ್ಷರ ಕಲಿಸಿದ ಮಾಸ್ತರ ಹೇಳಿದ್ದ. ಬರದೀನಿ. ನನ್ನ ಗಂಡ ಸಾಯಬಣ್ಣಗ ಮೊಣಕಾಲ ನೋವು. ಆದ್ರೂ ಲಗ್ನದ ದಿನದಾಗ ಬ್ಯಾಂಡಿನವರ ಸಂಗಾಟ ನಾಕು ಊರು ತಿರುಗಿ ಕ್ಲಾರಿನೆಟ್ ಊದಿ ಬಂದಾನ. ಹೊಲಕ್ಕ ಬಾ ಅಂದಾಗ ಮಾತ್ರ ಆ ಮೊಣಕಾಲಿಗೆ ನೆನಪು ಬರತದ.

ಎರಡು ಎಕರೆ ತೊಗರಿ ಹಾಕೀನಿ, ಗೇಣುದ್ದ ಆಗ್ಯಾವ. ಉಳಿದ ಎರಡು ಎಕರೆ ಹಿಂಗಾರಿಗೆ ಬಿಳಿಜೋಳಕ್ಕ ಬಿಟ್ಟೀನಿ. ನಡುನಡುವ ಕುಸುಬಿ ಸಾಲು ಹಿಡೀತೀನಿ, ಪ್ರತಿ ವರ್ಷದಂಗ. ನಿಮ್ಮಪ್ಪ ಕಾಶಪ್ಪಣ್ಣ ಈ ಹೊಲ ನಿನ್ನ ಹೆಸರಿಲೆ ಕೊಂಡು ನನ್ನ ಕೈಯಾಗ ಕೊಟ್ಟು ಇಪ್ಪತ್ತೆರಡು ವರ್ಷ ಆತು. ಅವತ್ತಿಂದ ಒಂದು ವರ್ಷನೂ ಬೀಳು ಬಿಟ್ಟಿಲ್ಲ. ಅರ್ಧಾ ಪೀಕು ನಿಮ್ಮದು, ಅರ್ಧಾ ನಂದು. ಅದರಾಗ ನಂದೇನೂ ತಕರಾರು ಇಲ್ಲ.

ಈಗ ವಿಷಯ. ನಿನ್ನೆ ಪಂಚಾಯಿತಿ ಗ್ವಾಡಿಗೆ ಒಂದು ಪಟ್ಟಿ ಹಚ್ಚ್ಯಾರ. ಸರ್ಕಾರದ ರೊಕ್ಕ ಬರೂ ರೈತರ ಪಟ್ಟಿ. ಗ್ವಾಡಿ ಮ್ಯಾಲ ಅಕ್ಷರ ಕಂಡ್ರ ನಾ ಬಿಡಾಕಿ ಅಲ್ಲ, ನಿನಗ ಗೊತ್ತದ. ಒಂದನೇ ನಂಬರಿನಿಂದ ಹಿಡದು ಓದಿಕೋತ ಹೋದೆ. ನೂರಾ ಹದಿನಾಲ್ಕಕ್ಕ ಬಂದಾಗ ‘ಅನುರಾಧಾ ಕಾಶಪ್ಪ ಹೊಸಮನಿ, ರೈತ ಮಹಿಳೆ’ ಅಂತ ಇತ್ತು. ಮತ್ತೊಮ್ಮೆ ಓದಿದೆ. ಅಲ್ಲೆ ಕುಂತಿದ್ದ ಕ್ಲರ್ಕಗ ಕೇಳಿದೆ.

“ತಮ್ಮಾ, ಈಕಿ ಮುಂಬೈದಾಗ ಇರಾಕಿ. ಯಾವಾಗ ರೈತ ಆದ್ಲು?”

“ಹೊಲದ ಉತಾರದಾಗ, ಅಂದ್ರ ಪಹಣ್ಯಾಗ, ಯಾರ ಹೆಸರದ, ಅವರಽ ರೈತರು, ಆಯಿ.”

“ಮತ್ತ ಬಿತ್ತಿ ಬೆಳಿಯೂ ನಾ ಯಾರು?”

“ನೀ ಪಟ್ಟಿ ಓದಾಕಿ” ಅಂದ.

ಎಲ್ಲಾರೂ ನಕ್ಕರು. ನಾನೂ ನಕ್ಕೆ. ಮನಿಗೆ ಬಂದ ಮ್ಯಾಲ ನಗು ಬರಲಿಲ್ಲ.

ಅನೂ, ಸರ್ಕಾರದ ಅರ್ಧಾ ರೇಟಿನ ಬೀಜ ತರಾಕ ಹೋದ್ರ ಉತಾರ ತಾ ಅಂತಾರ. ಮಳಿಗೆ ಬೆಳಿ ಹೋಗಿ ಪರಿಹಾರ ಬಂದ್ರ ಉತಾರ. ಹುಳಕ್ಕ ಎಣ್ಣಿ ಹೊಡಿಯೂ ಪಂಪಿಗೂ ಉತಾರ. ಮಾಲಕಿ ನೀನಽ ಇರು. ಆದ್ರ ಈ ಹೊಲಾ ಬೆಳಿಯಾಕಿ ಚನ್ನವ್ವ ಅಂತ ಎಲ್ಯರ ಒಂದು ಕಡೆ ಬರಸಾಕ ಬರತದೇನು? ನೀ ಎಂ.ಎ. ಓದಿದಾಕಿ. ಹೇಳು.

ಫೋನ್ ಮಾಡಬ್ಯಾಡ. ಫೋನಿನ್ಯಾಗ ನೀ ಹೂಂ ಹೂಂ ಅಂತಿ, ಹಿಂದ ರೈಲು ಓಡತಿರತದ. ಕಾಗದದಾಗ ಬರೇ ಹೂಂ ಅನ್ನಾಕ ಬರೂದಿಲ್ಲ.

ನಿನ್ನ
ಚನ್ನವ್ವಕ್ಕ


ದಹಿಸರ್ ಪೂರ್ವ, ಮುಂಬೈ
11 ಆಗಸ್ಟ್ 2024

ಪ್ರೀತಿಯ ಚನ್ನವ್ವಕ್ಕನಿಗೆ,

ನಿಮ್ಮ ಪತ್ರವನ್ನು ಲೋಕಲ್‌ನಲ್ಲಿ ಓದಿದೆ. ಬೈಕುಲ್ಲಾದ ಕಾಲೇಜು ಲೈಬ್ರರಿಯಿಂದ ಮನೆ ಸೇರಲು ದಾದರಿನಲ್ಲಿ ಗಾಡಿ ಬದಲಿಸಿ ಒಂದೂವರೆ ಗಂಟೆ ಬೇಕು. ಮಳೆಗೆ ಹಳಿ ಮುಳುಗಿ ಆ ದಿನ ಮೂರು ಗಂಟೆಯಾಯಿತು. ಲೇಡೀಸ್ ಡಬ್ಬಿಯಲ್ಲಿ ಪಕ್ಕದವಳ ಛತ್ರಿಯ ನೀರು ನಿಮ್ಮ ಪೆನ್ಸಿಲ್ ಅಕ್ಷರದ ಮೇಲೆ ಬೀಳದಂತೆ ಕೈ ಅಡ್ಡ ಹಿಡಿದು ಎರಡು ಸಲ ಓದಿದೆ. ಸಾಯಬಣ್ಣನವರ ಮೊಣಕಾಲಿನ ಸಾಲಿಗೆ ಜೋರಾಗಿ ನಕ್ಕುಬಿಟ್ಟೆ.

ಆ ಪಟ್ಟಿಯ ವಿಷಯ ನನಗೂ ಸರಿಯಾಗಿ ತಿಳಿಯದು. ಚಿಕ್ಕಪ್ಪನ ಮಗ ಸಚಿನ ಹಿಂದೊಮ್ಮೆ ಯಾವುದೋ ಕಾಗದಕ್ಕೆ ನನ್ನ ಆಧಾರ್ ಪ್ರತಿ ಕೇಳಿದ್ದ, ಕೊಟ್ಟಿದ್ದೆ. ಎಲ್ಲೋ ಏನೋ ತಪ್ಪಾಗಿರಬೇಕು. ವಿಚಾರಿಸುತ್ತೇನೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ಹೊಲದ ಜೋಳ ಇನ್ನೂ ಅರ್ಧ ಚೀಲ ಉಳಿದಿದೆ. ನನ್ನ ರೊಟ್ಟಿ ಈಗಲೂ ಅಂಚಿನಲ್ಲಿ ಸೀಳುತ್ತದೆ. ಮಗಳು ಶೀತಲ ಅದನ್ನು ನೋಡಿ, “ಮಮ್ಮಿ, ಇದು ಭಾರತದ ನಕ್ಷೆ ಕ್ಯಾ?” ಎಂದು ಕೇಳುತ್ತಾಳೆ. ಕಳೆದ ತಿಂಗಳು ಇಲ್ಲಿಯ ಕನ್ನಡ ಸಂಘದಲ್ಲಿ ಆ ಹೊಲದ ಮೇಲೆ ಬರೆದ ಒಂದು ಕವಿತೆ ಓದಿದೆ. ಜನ ಮೆಚ್ಚಿದರು.

ಬಸ್ಸಿನವರ ಕೈಯಲ್ಲಿ ಒಂದು ಸೀರೆ ಕಳಿಸಿದ್ದೇನೆ. ದಾದರಿನಲ್ಲಿ ನೋಡಿದ ಕೂಡಲೇ ನಿಮಗೇ ಎನ್ನಿಸಿತು. ತೊಗರಿ ಎಲೆಯ ಹಸಿರು, ಕೆಂಪು ಅಂಚು. ಮಡಿಕೆಯಲ್ಲಿ ಐದು ಸಾವಿರ ಇಟ್ಟಿದ್ದೇನೆ, ಬೀಜದ ಖರ್ಚಿಗಾಯಿತು. ಉಡಿ ತುಂಬಿದೆ ಎಂದು ತಿಳಿದು ಇಟ್ಟುಕೊಳ್ಳಿ.

ನಿಮ್ಮ
ಅನುರಾಧಾ


ಕಣಬೂರ
9 ಸೆಪ್ಟೆಂಬರ್ 2024

ಶ್ರೀಮತಿ ಅನುರಾಧಾಬಾಯಿಯವರಿಗೆ,

ಸೀರಿ ಮುಟ್ಟಿತು. ರೊಕ್ಕನೂ ಮುಟ್ಟಿತು. ಎರಡೂ ಅದಽ ಬಸ್ಸಿಗೆ ಹೊಳ್ಳಿ ಕಳಿಸೀನಿ. ಮಡಿಕಿ ಬಿಚ್ಚಿಲ್ಲ, ನೋಡಿಕೋರಿ.

ನೀವು ಮುಂಬೈದಾಗ ಹುಟ್ಟಿದವರು, ನಿಮಗ ಗೊತ್ತಿರಲಿಕ್ಕಿಲ್ಲ. ಅದಕ್ಕಽ ಹೇಳತೀನಿ. ನಮ್ಮ ಊರಾಗ ಅಕ್ಕತಂಗೇರು ಹೊಲದ ಮಾತು ತಗದ್ರ ಅಣ್ಣತಮ್ಮರು ಸೀರಿ ತರತಾರ. ಮ್ಯಾಲ ಒಂದಿಷ್ಟು ರೊಕ್ಕ ಇಡತಾರ. ಉಡಿ ತುಂಬತಾರ. ಆಮ್ಯಾಲ ಹಕ್ಕು ಬಿಟ್ಟೀನಿ ಅನ್ನೂ ಕಾಗದಕ್ಕ ಹೆಬ್ಬಟ್ಟು ಒತ್ತಿಸಿಕೋತಾರ. ನಮ್ಮವ್ವ ಅಂಥಾದೊಂದು ಸೀರಿ ಉಟ್ಟಿದ್ಲು. ನಾನೂ ಒಂದು ಉಟ್ಟೀನಿ, ನನ್ನ ತವರಮನಿದು. ನೀಲಿದಿತ್ತು. ಒಂದು ಸಲ ಒಗದ ಮ್ಯಾಲ ಬಣ್ಣ ಬಿಟ್ಟಿತು. ಹೊಲದ ಮಾತು ಕೇಳಿದ ಮ್ಯಾಲ ಸೀರಿ ಬಂತಂದ್ರ ನಮ್ಮಲ್ಲೆ ಅದಕ್ಕ ಒಂದಽ ಅರ್ಥ: ಬಾಯಿ ಮುಚ್ಚು.

ನಾ ರೊಕ್ಕಾ ಕೇಳಿಲ್ಲರಿ. ಹೊಲಾನೂ ಕೇಳಿಲ್ಲ. ಕಾಶಪ್ಪಣ್ಣ ಕುರ್ಲಾದಾಗ ಮಷೀನಿನ ಮುಂದ ನಿಂತು ಗಳಿಸಿದ ಹೊಲ ಅದು, ನನಗ್ಯಾಕ? ನಾ ಮಾಡೂ ಕೆಲಸಕ್ಕ ನನ್ನ ಹೆಸರು ಬರೀರಿ ಅಂದೀನಿ. ಅಷ್ಟಽ.

ಇನ್ನೊಂದು ಸುದ್ದಿ. ಹೋದ ವಾರ ಬೆಳಿ ಸಮೀಕ್ಷಾ ಮಾಡವರು ಬಂದಿದ್ರು. ಫೋನಿನ್ಯಾಗ ಹೊಲದ ಫೋಟೋ, ಅದರಾಗ ರೈತ ನಿಂತಿರಬೇಕಂತ. ನಾ ಕಸಾ ತಗಿಯಾಕ ಹತ್ತಿದ್ದೆ. “ಆಯಿ, ಸ್ವಲ್ಪ ಬಾಜೂಕ ಸರಿ, ರೈತರ ಫೋಟೋ ತಗೀಬೇಕು” ಅಂದ್ರು. ನಾ ಸರೀಲಿಲ್ಲ. “ರೈತರದ್ದಽ ತಗಿ, ಇಲ್ಲೇ ಇದ್ದೀನಿ” ಅಂದೆ. ಅಷ್ಟರಾಗ ವಿಜಯಪುರದಿಂದ ನಿಮ್ಮ ಸಚಿನ ಬಂದ, ಬಿಳೇ ಬೂಟು ಹಾಕ್ಕೊಂಡು. ಬದುವಿನ ಮ್ಯಾಲಿಂದ ಕೆಳಗ ಇಳೀಲಿಲ್ಲ, ಬೂಟಿಗೆ ಎರಿಮಣ್ಣು ಹತ್ತತದಂತ. ಅಲ್ಲೆ ಬದುವಿನ ಮ್ಯಾಲ ನಿಂತು ಫೋಟೋ ತಗಸಿಕೊಂಡು, “ನಾಲ್ಕೂ ಎಕರೆ ತೊಗರಿ ಅಂತ ಬರಕೋರಿ” ಅಂದ. ಎರಡು ಎಕರೆದಾಗ ತೊಗರಿ ಇಲ್ಲ ಅಂತ ಅಂವಗ ಗೊತ್ತೂ ಇಲ್ಲ.

ಹೊಂಟಾಗ ನನ್ನ ಕಡೆ ಹೊಳ್ಳಿ, “ಚನ್ನವ್ವಾ, ಭಾಳ ಕಾಗದಾ ಬರೀಬ್ಯಾಡ. ಯುಗಾದಿಗೆ ನಿನ್ನ ಲಾವಣಿ ಮುಗೀತದ, ಹೊಲ ಬ್ಯಾರೆಯವರಿಗೆ ಗೇಣಿಗೆ ಕೊಡಾಕ ಬರತದ” ಅಂದ.

ಇಪ್ಪತ್ತೆರಡು ಯುಗಾದಿ ನೋಡೀನಿ ಆ ಹೊಲದಾಗ. ಅಂವನ ಬೂಟು ಇನ್ನೂ ಹೊಸಾವು.

ಚನ್ನವ್ವ ಸಾಯಬಣ್ಣ ಬಿರಾದಾರ


ದಹಿಸರ್
29 ಸೆಪ್ಟೆಂಬರ್ 2024

ಚನ್ನವ್ವಕ್ಕ,

ಸೀರೆಯ ಗಂಟು ಬಂತು. ನೀವು ಹಾಕಿದ ಹೆಸರಿನ ಕೆಳಗಿನ ಗೆರೆಯನ್ನೇ ಬಹಳ ಹೊತ್ತು ನೋಡಿದೆ. ಪೆನ್ಸಿಲ್ ಮುರಿದ ಗುರುತು ಅಲ್ಲಿತ್ತು.

ಸೀರೆಗೆ ಅಂಥ ಅರ್ಥವಿದೆಯೆಂದು ನಿಜವಾಗಿಯೂ ತಿಳಿದಿರಲಿಲ್ಲ. ಆದರೆ ನಿಮ್ಮ ಬಾಯಿ ಮುಚ್ಚಿಸಲೆಂದು ಕಳಿಸಲಿಲ್ಲ ಎಂದು ನಾನು ಪ್ರಮಾಣ ಮಾಡಲಾರೆ. ಕಳೆದ ಪತ್ರದಲ್ಲಿ ಸುಳ್ಳು ಬರೆದೆ. ಪಟ್ಟಿಯ ವಿಷಯ ನನಗೆ ಗೊತ್ತಿತ್ತು. ಐದು ವರ್ಷಗಳಿಂದ, ವರ್ಷಕ್ಕೆ ಮೂರು ಸಲ, ಎರಡೆರಡು ಸಾವಿರ ನನ್ನ ಖಾತೆಗೆ ಬರುತ್ತಿದೆ. ಫೋನು ಒಮ್ಮೆ ‘ಟಿಂಗ್’ ಎನ್ನುತ್ತದೆ, ಅಷ್ಟೆ. ಮೊದಲ ಸಲ ಸಚಿನನಿಗೆ ಕೇಳಿದ್ದೆ. “ಬರ್ತದ ಬರ್ಲಿ ಬಿಡಕ್ಕಾ, ಬ್ಯಾಡಂದ್ರ ಸರ್ಕಾರ ಏನು ಉದ್ಧಾರ ಆಗ್ತದ?” ಎಂದ. ಬಿಟ್ಟೆ. ನಾನು ಸಂಬಳ ಪಡೆಯುವವಳು, ತೆರಿಗೆ ಕಟ್ಟುವವಳು. ಆ ಹಣಕ್ಕೆ ನನಗೆ ಅರ್ಹತೆಯೇ ಇಲ್ಲ.

ಅದರಲ್ಲಿ ಏನು ಮಾಡಿದೆ ಗೊತ್ತೇ? ಪುಸ್ತಕ ಕೊಂಡೆ. ಕವಿತೆಯ ಪುಸ್ತಕ. ಮನೆಯಲ್ಲಿ ಒಂದು ಇಡೀ ಸಾಲು ಇದೆ. ಅದರಲ್ಲಿ ಮಣ್ಣು, ಬೆವರು, ಬಿತ್ತನೆ ಎಂಬ ಮಾತುಗಳು ನೂರಾರು ಕಡೆ ಬರುತ್ತವೆ. ಕೆಲವನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿದ್ದೇನೆ.

ನೀವು ಕೇಳಿದ್ದನ್ನು ಮಾಡಬೇಕೆಂದು ನಮ್ಮ ಬಿಲ್ಡಿಂಗಿನ ವಕೀಲ ಸತ್ಯಮೂರ್ತಿಯವರ ಹತ್ತಿರ ಹೋದೆ. ಮೈಸೂರಿನವರು, ಅಪ್ಪನಿಗೂ ಪರಿಚಯವಿದ್ದವರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಮ್ಮ, ಕರ್ನಾಟಕದಲ್ಲಿ ಹೊಲ ಗೇಣಿಗೆ ಕೊಡೋದೇ ಕಾನೂನಿಗೆ ವಿರುದ್ಧ. ಬಾಯಿಮಾತಲ್ಲಿ ಇರೋತನಕ ಯಾರೂ ಕೇಳಲ್ಲ. ಬೇರೆಯವರು ಸಾಗುವಳಿ ಮಾಡ್ತಿದಾರೆ ಅಂತ ನೀನೇ ಬರೆದುಕೊಟ್ಯೋ, ಹೊಲ ಸರ್ಕಾರಕ್ಕೆ ಹೋದ್ರೂ ಹೋಯ್ತು.”

“ಊರಲ್ಲೆಲ್ಲ ಹೀಗೇ ನಡೆಯುತ್ತಲ್ಲ ಸಾರ್?”

“ಎಲ್ಲಾ ಕಡೆ ನಡೆಯುತ್ತೆ. ಅದಕ್ಕೇ ಎಲ್ಲೂ ಬರೆದಿಲ್ಲ.”

ಅಪ್ಪ ಬಿಟ್ಟುಹೋದದ್ದು ಅದೊಂದೇ. ಕುರ್ಲಾದ ಚಾಳಿನ ಕೋಣೆಯೂ ನಮ್ಮದಾಗಿರಲಿಲ್ಲ. ಆ ನಾಲ್ಕು ಎಕರೆಯನ್ನು ನನ್ನ ಕೈಯಾರೆ ಕಳೆಯಲು ಧೈರ್ಯವಿಲ್ಲ, ಚನ್ನವ್ವಕ್ಕ. ಬೀಜದ ಪೂರ್ತಿ ಖರ್ಚು ನಾನು ಕೊಡುತ್ತೇನೆ, ಪೀಕಿನಲ್ಲಿ ನನ್ನ ಪಾಲು ಕಾಲು ಭಾಗಕ್ಕೆ ಇಳಿಸಿ. ಬೇರೆ ಏನು ಕೇಳಿದರೂ ಸರಿ. ಬರೆದುಕೊಡು ಎಂದು ಮಾತ್ರ ಕೇಳಬೇಡಿ.

ಇನ್ನೊಂದು ಮಾತು. ಹೇಗೆ ಬರೆಯಲಿ ತಿಳಿಯದು. ಹಿಂದೆ ನಾನು ಬರೆದ ಪತ್ರಗಳು ನಿಮ್ಮ ಹತ್ತಿರ ಇದ್ದರೆ ಸುಟ್ಟುಬಿಡಿ. ಈ ಪತ್ರವನ್ನೂ.

ಅನುರಾಧಾ


ದಹಿಸರ್
8 ಡಿಸೆಂಬರ್ 2024

ಚನ್ನವ್ವಕ್ಕ,

ಹತ್ತು ವಾರವಾಯಿತು. ನಿಮ್ಮಿಂದ ಒಂದು ಸಾಲಿಲ್ಲ. ಪ್ರತಿದಿನ ಬಿಲ್ಡಿಂಗಿನ ಕೆಳಗಿನ ಟಪಾಲು ಡಬ್ಬಿ ನೋಡುತ್ತೇನೆ. ಕರೆಂಟ್ ಬಿಲ್ಲು, ಬ್ಯಾಂಕಿನ ಲಕೋಟೆ. ಸುಡಿ ಎಂದು ಬರೆದದ್ದಕ್ಕೆ ಇದೇ ಉತ್ತರವೇ?

ಮೊನ್ನೆ ಸಚಿನ ಫೋನ್ ಮಾಡಿದ್ದ. ಚನ್ನವ್ವಗ ವಯಸ್ಸಾತು, ಆಕಿನಽ ಹೊಲ ಬಿಡತೀನಿ ಅಂದಾಳ, ಯುಗಾದಿಯಿಂದ ಬೇರೆಯವರಿಗೆ ಲಾವಣಿ ಕೊಡುತ್ತೇನೆ ಎಂದ. ನೀವೇ ಹಾಗೆ ಹೇಳಿದಿರಾ? ನನಗೆ ನಂಬಿಕೆ ಬರಲಿಲ್ಲ. ಆದರೆ ‘ಸುಳ್ಳು’ ಎಂದು ಅವನಿಗೆ ಹೇಳಲಿಲ್ಲ. ಹೂಂ ಎಂದೆ. ನೀವು ಸರಿಯಾಗಿ ಹೇಳಿದ್ದಿರಿ. ಹಿಂದೆ ರೈಲು ಓಡುತ್ತಿತ್ತು.

ಅದೇ ವಾರ ಇನ್ನೊಂದು ನಡೆಯಿತು. ರೈತರ ಹಣದ ಮುಂದಿನ ಕಂತು ಬರಬೇಕಾದರೆ ರೈತರು ತಮ್ಮ ಮುಖವನ್ನು ಫೋನಿಗೆ ತೋರಿಸಬೇಕಂತೆ. ಜೀವಂತ ಮನುಷ್ಯರು ಹೌದೋ ಅಲ್ಲವೋ ನೋಡಲು ಕಣ್ಣು ಮಿಟುಕಿಸಬೇಕು. ಸಚಿನ ಲಿಂಕ್ ಕಳಿಸಿದ್ದ. ಶೀತಲ ನನ್ನನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ನಿಲ್ಲಿಸಿ ಫೋನ್ ಹಿಡಿದಳು. ನನ್ನ ಹಿಂದೆ ಗ್ಯಾಸ್ ಸಿಲಿಂಡರ್, ಫ್ರಿಜ್ಜಿನ ಮೇಲೆ ನೀವು ಕಳಿಸಿದ ತೊಗರಿಬೇಳೆಯ ಡಬ್ಬ.

“ಮಮ್ಮಿ, ಬ್ಲಿಂಕ್ ಕರೋ ನಾ!”

ಕಣ್ಣು ಮುಚ್ಚಲಾಗಲಿಲ್ಲ. ಬಿಟ್ಟ ಕಣ್ಣು ಬಿಟ್ಟಂತೆಯೇ ಇತ್ತು, ನೀರು ತುಂಬಿತು. “ನಿನಗೆ ಏನಾಯ್ತು?” ಎಂದು ಮಗಳು ಗಾಬರಿಯಾದಳು. ಈ ಡಬ್ಬದ ಬೇಳೆ ಬೆಳೆದವಳು ಇಲ್ಲಿ ನಿಲ್ಲಬೇಕಿತ್ತು ಎಂದೆ. ಅವಳಿಗೆ ನನ್ನ ಕನ್ನಡ ಪೂರ್ತಿ ಅರ್ಥವಾಗಲಿಲ್ಲವೇನೋ. ಆದರೆ ಫೋನ್ ಕೆಳಗಿಟ್ಟು, “ತೋ ಮತ್ ಕರೋ” ಎಂದಳು. ಹಾಗಾದರೆ ಮಾಡಬೇಡ. ಎಷ್ಟು ಸಲೀಸಾಗಿ ಹೇಳಿಬಿಟ್ಟಳು.

ಅವತ್ತಿನಿಂದ ಅಪ್ಪನ ಒಂದು ಚಿತ್ರ ಕಣ್ಣ ಮುಂದಿದೆ. ನನಗೆ ಮೂವತ್ತು ದಾಟಿತ್ತು, ಅವರ ಜತೆ ಕಣಬೂರಿಗೆ ಬಂದಿದ್ದೆ. ಜೋಳ ಎದೆಯೆತ್ತರ ನಿಂತಿತ್ತು. ಅಪ್ಪ ಬದುವಿನ ಮೇಲೆ ಚಪ್ಪಲಿ ಬಿಟ್ಟು, ಹೊಲದ ನಡುವೆ ಇದ್ದ ನಿಮ್ಮನ್ನು ಕೂಗಿ ಕೇಳಿದರು: “ಬರಲೇನವಾ?” ನೀವು “ಬಾರಣ್ಣ, ಬಲಕ್ಕ ನೋಡಿ ಬಾ, ಎಡಕ್ಕ ಕಡ್ಲಿ ಅದಾವ” ಎಂದಿರಿ. ತಮ್ಮದೇ ಹೊಲಕ್ಕೆ ಕಾಲಿಡಲು ಯಾಕೆ ಕೇಳುತ್ತಾರೆ ಎಂದು ನನಗೆ ಆಗ ನಗು ಬಂದಿತ್ತು.

ಬೈಯುವುದಾದರೂ ಸರಿ, ಒಂದು ಸಾಲು ಬರೆಯಿರಿ.

ಅನುರಾಧಾ


ಕಣಬೂರ
2 ಜನವರಿ 2025

ಅನುರಾಧಾಬಾಯಿಯವರಿಗೆ,

ಹೊಲ ಬಿಡತೀನಿ ಅಂತ ನಾ ಯಾರ ಮುಂದೂ ಅಂದಿಲ್ಲ. ಅನ್ನೂದೂ ಇಲ್ಲ.

ಮೂರು ದಿನದ ಹಿಂದ ಎಳ್ಳಮಾಸಿ ಆತು. ಅವತ್ತು ಹೊಲಕ್ಕ ಚರಗ ಚೆಲ್ಲತೀವಿ ಅಂತ ನಿಮಗ ನೆನಪದ. ಸಜ್ಜಿ ಕಡಬು, ಭಜ್ಜಿ ಪಲ್ಯಾ, ಅನ್ನ ಎಲ್ಲಾ ಕಲಸಿ ಹೊಲದ ನಾಲ್ಕೂ ಕಡೆ ಚೆಲ್ಲಿ ಭೂಮಿತಾಯಿಗೆ ಉಣಿಸಿದ ಮ್ಯಾಲ ನಾವು ಉಣ್ಣೂದು. ಬೆಳದವರಽ ಚೆಲ್ಲಬೇಕು. ಇದಕ್ಕ ಯಾವ ಉತಾರನೂ ಬೇಕಾಗಿಲ್ಲ. ನಾ ಈ ಸಲ ಅರ್ಧಾ ಊರಿಗೆ ಊಟಕ್ಕ ಹೇಳಿದ್ದೆ. ಊರ ಹೊಲದ ದಾಖಲೆ ಬರಿಯೂ ತಲಾಟಿಗೂ ಹೇಳಿದ್ದೆ.

ಬುಟ್ಟಿ ಹೊತ್ತುಕೊಂಡು ಹೋಗೂದ್ರಾಗ ಸಚಿನ ಹೆಂಡತಿನ್ನ ಕರಕೊಂಡು ಕಾರಿನ್ಯಾಗ ಬಂದಿಳದ. “ಈ ಸಲ ಚರಗ ನಾವು ಚೆಲ್ಲತೀವಿ. ಮುಂದ ನಮ್ಮವರಽ ಹೊಲ ನೋಡವರು” ಅಂದ. ಜನ ನನ್ನ ಕಡೆ ಹೊಳ್ಳಿ ನೋಡಿದ್ರು. ನಮ್ಮ ಸಾಯಬಣ್ಣ ಸುದ್ದಾ ಹಲ್ಲಾಗ ಹಲ್ಲು ಕಡದ.

“ಚೆಲ್ಲಪಾ. ಬ್ಯಾಡ ಅನ್ನಾಕ ನಾ ಯಾರು?” ಅಂದೆ. “ಆದ್ರ ಚರಗ ಚೆಲ್ಲಾವಗ ಸಾಲು ಗೊತ್ತಿರಬೇಕು. ಜೋಳದಾಗ ಎಷ್ಟು ಸಾಲಿಗೊಮ್ಮೆ ಕುಸುಬಿ ಅದ, ಹೇಳು.”

ಅಂವ ಫೋನ್ ತಗದ.

“ಏ ಸಚಿನ್ಯಾ, ಜೋಳಾ ಮುಂದ ನಿಂತಾವ, ಫೋನಿನ್ಯಾಗ ಏನು ಹುಡುಕತಿ?” ಅಂತ ಹಿಂದಿನಿಂದ ಯಾರೋ ಅಂದ್ರು. “ಅಂವನ ಫೋನಿನ್ಯಾಗ ನಾಲ್ಕೂ ಎಕರೆ ತೊಗರಿ ಅದನೋ!” ಅಂದ ನಮ್ಮ ಸಾಯಬಣ್ಣ. ಇಡೀ ಹೊಲ ನಕ್ಕಿತು. ಅಂವನ ಹೆಂಡತಿ ಒಳ್ಳೆಯಾಕಿ ಅದಾಳ. ನನ್ನ ಕೈಯಾಗಿನ ನೀರಿನ ತಂಬಗಿ ಇಸಗೊಂಡು ನನ್ನ ಹಿಂದ ನೀರು ಚಿಮುಕಿಸಿಕೋತ ನಡದ್ಲು. ನಾನಽ ಚೆಲ್ಲಿದೆ.

ಉಣ್ಣಾಕ ಕುಂತಾಗ ತಲಾಟಿ ಎರಡು ಸಲ ಕಡಬು ಹಾಕಿಸಿಕೊಂಡ. ಮೂರನೇದಕ್ಕ ಕೈ ಒಡ್ಡಿದಾಗ ನಾ ಕೇಳಿದೆ.

“ಸಾಹೇಬ್ರ, ಯಾರ ಹೊಲದಾಗ ಉಣ್ಣಾಕತ್ತೀರಿ?”

“ಚನ್ನವ್ವನ ಹೊಲದಾಗ” ಅಂದ, ಬಾಯ್ತುಂಬ ಇಟ್ಟಗೊಂಡು.

“ಹಂಗಽ ಬರೀರಲಾ.”

“ಏ ಯವ್ವಾ, ಬಾಯಿಗೆ ಬಂದದ್ದೆಲ್ಲಾ ಬರಿಯಾಕ ಬರತದೇನು? ಮಾಲಕರು ಬರದುಕೊಡಬೇಕು.”

“ಹಂಗಾರ ಕಡಬೂ ಮಾಲಕರ ಕಡಿಂದ ತರಿಸಿಕೋರಿ” ಅಂತ ಬುಟ್ಟಿ ಮುಚ್ಚಿದೆ.

ಈಗ ನಿಮ್ಮ ಮಾತಿಗೆ ಬರತೀನಿ. ಕಾಗದ ಸುಡು ಅಂದಿದ್ದಿರಿ. ಸುಟ್ಟಿಲ್ಲ. ನಿಮ್ಮಪ್ಪ ಹೋದ ಮ್ಯಾಲ ಹನ್ನೊಂದು ವರ್ಷದಾಗ ನೀವು ಬರದ ಹದಿನೇಳು ಕಾಗದ ನನ್ನ ಟ್ರಂಕಿನ್ಯಾಗ ಅದಾವ. ಜೋಳ ಮುಟ್ಟಿದಾಗೊಮ್ಮೆ, ತೊಗರಿ ಮುಟ್ಟಿದಾಗೊಮ್ಮೆ ಬರದೀರಿ. ಎಲ್ಲಾದರಾಗೂ ‘ನಿಮ್ಮ ಹೊಲದ ಜೋಳ’, ‘ನಿಮ್ಮ ಹೊಲದ ಬ್ಯಾಳಿ’. ನೀವು ಬರಿಯೂದಿಲ್ಲ ಅಂದ ಮಾತು ಹದಿನೇಳು ಸಲ ಬರದು ಕೂತೀರಿ.

ಅವತ್ತು ಅವನ್ನೆಲ್ಲಾ ಸೆರಗಿನ್ಯಾಗ ಕಟಗೊಂಡು ಹೋಗಿದ್ದೆ. ತಲಾಟಿ ಮಾಲಕರು ಬರದುಕೊಡಬೇಕು ಅಂದಾಗ ಕೈ ಗಂಟಿನ ತನಕ ಹೋತು. ಬಿಚ್ಚಲಿಲ್ಲ. ಅಂಜಿ ಅಲ್ಲ. ನೀ ನನಗ ಪ್ರೀತಿಲೆ ಬರದದ್ದು, ನಿನ್ನನ್ನ ಹಿಡಿಯೂ ಬಲಿ ಮಾಡಿದ್ರ ನಾ ಎಂಥಾಕಿ? ಕದ್ದು ಸಿಗೂ ಹೆಸರು ನನಗ ಬ್ಯಾಡ. ಬರಿಯೂದಿದ್ರ ಗೊತ್ತಿದ್ದು ಬರಿ. ಇಲ್ಲಂದ್ರ ಬರೀಬ್ಯಾಡ. ಬರೀಲಿಲ್ಲ ಅಂದ್ರೂ ಯುಗಾದಿಗೆ ನಾ ಹೊಲದಾಗಽ ಇರತೀನಿ. ಬಂದು ಎಬ್ಬಸಾವರು ಎಬ್ಬಸಲಿ.

ಹಾ, ಈ ಸಲದ ಜೋಳ ಕಳಸೂದಿಲ್ಲ. ನಿನ್ನ ಪಾಲು ಇಲ್ಲೇ ಅದ. ಬೇಕಾದ್ರ ಬಂದು ಒಯ್ಯಿ.

ಚನ್ನವ್ವ

ನಾಕು ಸಾಲಿಗೊಮ್ಮೆ ಕುಸುಬಿ. ನೆನಪಿಟ್ಟುಕೋ.


ದಹಿಸರ್
19 ಜನವರಿ 2025

ಚನ್ನವ್ವಕ್ಕ,

ಇದರ ಜತೆಗಿರುವುದು ನಾನು ನಿನ್ನೆ ನಿಮ್ಮ ತಾಲೂಕು ಕಚೇರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದ ಅರ್ಜಿಯ ಪ್ರತಿ. ಸತ್ಯಮೂರ್ತಿಯವರು ಓದಿ ನೋಡಿ, “ವಕೀಲನಾಗಿ ಹೇಳ್ತೀನಿ, ಇದನ್ನ ಹರಿದು ಹಾಕು” ಎಂದರು. ಆಮೇಲೆ ಒಂದು ಒತ್ತು ತಪ್ಪಿದ್ದನ್ನು ತಿದ್ದಿ, ಲಕೋಟೆಗೆ ತಾವೇ ಅಂಟು ಹಚ್ಚಿದರು. ಸಚಿನನಿಗೂ ಒಂದು ಪ್ರತಿ ಕಳಿಸಿದೆ. “ಅಕ್ಕಾ, ನಿನಗ ತಲಿ ಕೆಟ್ಟದೇನು? ಇದ್ದ ಹೊಲಾ ಕೈಯಾರೆ ಕಳಕೋತಿ” ಎಂದು ಕೂಗಾಡಿದ. ಈ ಸಲ ನಾನು ಹೂಂ ಎನ್ನಲಿಲ್ಲ. ಚನ್ನವ್ವಕ್ಕನನ್ನು ಬಿಟ್ಟು ಬೇರೆ ಯಾರೂ ಆ ಹೊಲಕ್ಕೆ ಕಾಲಿಡಕೂಡದು ಎಂದೆ.

ಅನುರಾಧಾ

*

ಮಾನ್ಯ ತಹಶೀಲ್ದಾರರಿಗೆ,

ಕಣಬೂರ ಗ್ರಾಮದ ರೈತ ಸಹಾಯಧನದ ಪಟ್ಟಿಯಲ್ಲಿ ನೂರಾ ಹದಿನಾಲ್ಕನೆಯ ಹೆಸರು ನನ್ನದು. ನಾನು ರೈತಳಲ್ಲ. ಮುಂಬೈಯಲ್ಲಿ ಸಂಬಳದ ಕೆಲಸದಲ್ಲಿದ್ದೇನೆ. ಆ ಹೊಲವನ್ನು ನಾನು ಒಂದು ದಿನವೂ ಉತ್ತಿಲ್ಲ, ಬಿತ್ತಿಲ್ಲ. ಅಲ್ಲಿ ಕಾಲಿಟ್ಟು ಹನ್ನೊಂದು ವರ್ಷವಾಯಿತು. ಈವರೆಗೆ ಬಂದ ಹಣ ನನ್ನದಲ್ಲವೆಂದು ತಿಳಿದೂ ಇಟ್ಟುಕೊಂಡಿದ್ದೆ. ಅದನ್ನು ಹಿಂತಿರುಗಿಸುತ್ತೇನೆ, ಎಲ್ಲಿ ಕಟ್ಟಬೇಕೆಂದು ತಿಳಿಸಿರಿ. ಪಟ್ಟಿಯಿಂದ ನನ್ನ ಹೆಸರನ್ನು ತೆಗೆಯಿರಿ.

ಇಪ್ಪತ್ತೆರಡು ವರ್ಷಗಳಿಂದ ಆ ನಾಲ್ಕು ಎಕರೆಯನ್ನು ಬೆಳೆಯುತ್ತಿರುವವರು ಅದೇ ಗ್ರಾಮದ ಚನ್ನವ್ವ ಸಾಯಬಣ್ಣ ಬಿರಾದಾರ. ಕಳೆದ ಸೆಪ್ಟೆಂಬರಿನ ಬೆಳೆ ಸಮೀಕ್ಷೆಯ ಫೋಟೋದಲ್ಲಿ ಬದುವಿನ ಮೇಲೆ ನಿಂತವರು ರೈತರಲ್ಲ. ಫೋಟೋದಿಂದ ಆಚೆ ಸರಿಯಲು ಹೇಳಿಸಿಕೊಂಡವರು ರೈತರು. ನಾಲ್ಕೂ ಎಕರೆ ತೊಗರಿ ಎಂಬುದೂ ತಪ್ಪು. ಎರಡು ಎಕರೆ ತೊಗರಿ, ಎರಡು ಎಕರೆ ಬಿಳಿಜೋಳ, ನಾಲ್ಕು ಸಾಲಿಗೊಮ್ಮೆ ಕುಸುಬಿ.

ಈ ಮಾತು ಬರೆದುಕೊಟ್ಟರೆ ನನ್ನ ಹೊಲಕ್ಕೆ ಏನಾಗಬಹುದೆಂದು ವಕೀಲರು ಹೇಳಿದ್ದಾರೆ. ತಿಳಿದೇ ಬರೆಯುತ್ತಿದ್ದೇನೆ. ಆದರೆ ಒಂದನ್ನು ಕೇಳುತ್ತೇನೆ. ಬಿತ್ತದವಳ ಖಾತೆಗೆ ಐದು ವರ್ಷ ಹಣ ಬೀಳುವಾಗ ಮಲಗಿದ್ದ ಕಾನೂನು, ಬಿತ್ತಿದವಳ ಹೆಸರು ಕಾಗದಕ್ಕೆ ಬಂದ ದಿನವೇ ಎದ್ದು ಕೂರುವುದೇಕೆ? ಹೊಲವನ್ನು ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಿ. ಆದರೆ ಯಾರ ಕೈಯಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ಸರಿಯಾಗಿ ಬರೆದುಕೊಂಡು ತೆಗೆದುಕೊಳ್ಳಿ.

ಅನುರಾಧಾ ಕಾಶಪ್ಪ ಹೊಸಮನಿ


ಕಣಬೂರ
12 ಜೂನ್ 2025

ಅನೂ,

ಇಷ್ಟು ದಿನ ಬರೀಲಿಲ್ಲ. ಹೇಳಾಕ ಏನರ ಆಗಲಿ ಅಂತ ಕಾಯ್ದೆ. ಈಗ ಆಗ್ಯಾದ. ಒಳ್ಳೇದೋ ಕೆಟ್ಟದ್ದೋ ನೀನಽ ನೋಡು.

ಯುಗಾದಿ ಮುಂದ ಸಚಿನ ಒಬ್ಬ ಬ್ಯಾರೆ ಊರಾವನ್ನ ಹೊಲ ನೋಡಾಕ ಕಳಿಸಿದ್ದ. ನಾ ಬದುವಿನ ಮ್ಯಾಲ ಕುಂತು ಬುತ್ತಿ ಬಿಚ್ಚಿದ್ದೆ. ಆ ಮನುಷ್ಯಾ ಚಪ್ಪಲಿ ಬಿಟ್ಟು, “ಬರಲೇನವಾ?” ಅಂದ. “ಬ್ಯಾಡ” ಅಂದೆ. ಹೊಳ್ಳಿ ಚಪ್ಪಲಿ ಮೆಟ್ಟಿಕೊಂಡು ಹೋದ. ರೊಟ್ಟಿ ಕೊಟ್ಟಿದ್ರ ಚಲೋ ಇತ್ತು ಅಂತ ಆಮ್ಯಾಲ ಅನಿಸಿತು.

ಹೋದ ವಾರ ನಿನ್ನ ಅರ್ಜಿ ಹಿಡಕೊಂಡು ತಾಲೂಕ ಕಚೇರಿದಿಂದ ಮೂರು ಮಂದಿ ಪಂಚನಾಮೆ ಮಾಡಾಕ ಬಂದ್ರು. ಜೀಪಿನ್ಯಾಗ. ಹೊಲ ಅಳದ್ರು. ಆಜೂಬಾಜೂ ಹೊಲದವರನ್ನ ಕರದು, ಇಲ್ಲೆ ಬೆಳಿಯಾವರು ಯಾರು ಅಂತ ಕೇಳಿದ್ರು. ಆರು ಮಂದಿ ಚನ್ನವ್ವ ಅಂದ್ರು. ಸಚಿನಗೂ ಕೇಳಿದ್ರು. ಅಂವನ ಹೆಂಡತಿ ಬಾಜೂಕ ನಿಂತಿದ್ಲು. ಅಂವ ಆಕಿ ಮಾರಿ ನೋಡಿದ, ನನ್ನ ಮಾರಿ ನೋಡಿದ, “ಚನ್ನವ್ವ” ಅಂದ.

ಸಾಹೇಬ ಜೀಪಿನ ಬಾನೆಟ್ ಮ್ಯಾಲ ಕಾಗದ ಇಟ್ಟು ಬರದ. ಬರದು ಮುಗಿಸಿ ಹೆಬ್ಬಟ್ಟು ಒತ್ತೂ ಶಾಯಿ ಡಬ್ಬಿ ನನ್ನ ಕಡೆ ಸರಿಸಿದ. ನಾ ಡಬ್ಬಿ ಹೊಳ್ಳಿ ಸರಿಸಿದೆ. “ಓದಿ ಸೈ ಮಾಡತೀನಿ” ಅಂದೆ.

“ಬಿಸಲದ ಅಜ್ಜಿ, ಓದಾಕ ಎರಡು ಪಾನ ಅದಾವ. ನಾ ಓದಿ ಹೇಳತೀನಿ.”

“ನನಗ ಬಿಸಲಿನ ರೂಢಿ ಅದ. ನೀವು ಬೇಕಾದ್ರ ಬೇವಿನ ಗಿಡದ ಕೆಳಗ ಕುಂದರ್ರಿ.”

ನಾ ಸಾವಕಾಶ ಓದಾಕಿ, ನಿನಗ ಗೊತ್ತದ. ಒತ್ತಕ್ಷರ ಬಂದಲ್ಲೆ ನಿಂದರತೀನಿ. ಜೋರಾಗಿಽ ಓದಿದೆ, ಎಲ್ಲಾರಿಗೂ ಕೇಳೂಹಂಗ. ಅರ್ಧಾ ತಾಸು ಆತು. ಯಾರೂ ಅಲ್ಲಾಡಲಿಲ್ಲ. ಎರಡನೇ ಪಾನದ ನಡುವ ಬಂದಾಗ ಅದು ಇತ್ತು. ‘ಸದರಿ ಜಮೀನನ್ನು ಪ್ರತ್ಯಕ್ಷ ಸಾಗುವಳಿ ಮಾಡುತ್ತಿರುವವರು: ಚನ್ನವ್ವ ಗಂಡ ಸಾಯಬಣ್ಣ ಬಿರಾದಾರ.’ ಆ ಸಾಲು ಎರಡು ಸಲ ಓದಿದೆ.

ಆದ್ರ ಅನೂ, ಆ ಕಾಗದದ ಕಡೀ ಸಾಲೂ ಓದೀನಿ. ಕಾನೂನು ಮೀರಿ ಲಾವಣಿ ಕೊಟ್ಟದ್ದರ ಮ್ಯಾಲ ವಿಚಾರಣಾ ಆಗಬೇಕು ಅಂತ ಅದ. ನಿನಗ ನೋಟೀಸ ಬರತದ. ನಿನ್ನ ಹೊಲ ಕಸಗೋಬಹುದಾದ ಕಾಗದದ ಮ್ಯಾಲಽ ನನ್ನ ಹೆಸರು ಮೊದಲನೇ ಸಲ ಬಂತು. ಸೈ ಮಾಡೂ ಮುಂದ ಪೆನ್ನು ಹಿಡಕೊಂಡು ನಿನ್ನ ನೆನಸಿದೆ. ನೀ ಗೊತ್ತಿದ್ದು ಬರದೀದಿ, ನಾ ಗೊತ್ತಿದ್ದು ಸೈ ಮಾಡಿದೆ. ವಿಚಾರಣಾಕ್ಕ ಕರದ್ರ ಇಬ್ಬರೂ ಹೋಗೂಣು. ನನ್ನ ಕಡೆ ಹದಿನೇಳು ಕಾಗದ ಅದಾವ. ಈಗ ನೀ ಹೂಂ ಅಂದ್ರ ಬಿಚ್ಚತೀನಿ.

ಸರ್ಕಾರ ಹೊಲ ತಗೊಂಡ್ರ ತಗೊಳ್ಳಲಿ. ಅವರಿಗೆ ಬಿತ್ತಾಕ ಬರೂದಿಲ್ಲ. ನನಗ ಬರತದ. ಮಿರಗದ ಮಳಿ, ಮೃಗಶಿರಾ, ಚಲೋ ಆತು. ನಿನ್ನೆ ಬೀಜ ತರಾಕ ಆ ಪಂಚನಾಮೆಯ ನಕಲು ಹಿಡಕೊಂಡು ಹೋಗಿದ್ದೆ. ಇದು ನಡಿಯೂದಿಲ್ಲ, ಉತಾರ ಬೇಕು ಅಂದ. ಈ ವರ್ಷ ನಡೀಲಿಲ್ಲ ಅಂತ ಒಂದು ಚೀಟಿ ಮ್ಯಾಲ ಬರದು ಕೊಡು ಅಂದೆ. ಬರಕೊಟ್ಟ. ಅದನ್ನೂ ಟ್ರಂಕಿನ್ಯಾಗ ಇಟ್ಟೀನಿ. ಪೂರ್ತಿ ರೇಟಿಗೆ ತಂದು ಇವತ್ತು ಬಿತ್ತಿದೆ.

ನಿನ್ನ ಪಾಲಿನ ಜೋಳ ಕಾಳು ತುಂಬೂ ಗುಮ್ಮಿಯೊಳಗ ಹಂಗಽ ಅದ. ಹುಳಾ ಬೀಳೂಕಿಂತ ಮೊದಲ ಬಾ. ಶೀತಲನ್ನೂ ಕರಕೊಂಡು ಬಾ, ರೊಟ್ಟಿ ಬಡಿಯೂದು ಕಲಸತೀನಿ, ನಿನಗೂ ಆಕಿಗೂ. ಬದುವಿನ ಮ್ಯಾಲ ನಿಂತು ಕೂಗು. ಬಾ ಅಂತೀನಿ.

ಆ ಹಸರ ಸೀರಿ ಇನ್ನೂ ಅದ ಏನು? ಇದ್ರ ತಾ. ಬಸ್ಸಿನವರ ಕೈಯಾಗ ಕಳಸಬ್ಯಾಡ. ನೀನಽ ತಂದು ಕೊಡು. ಈಗ ಉಡತೀನಿ.

ನಿನ್ನ
ಚನ್ನವ್ವಕ್ಕ